ಮೂತ್ರಪಿಂಡ ನಾರುಗಟ್ಟುವ ಮುನ್ನ

ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ರೈತ ಬಾಂಧವರಿಗೆ ಸವಳು ಭೂಮಿಯ ಕಥೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲ ಒಂದೇ ರಾತ್ರಿಯಲ್ಲಿ ಬೆಳ್ಳಗಾಗುವುದಿಲ್ಲ. ಹಾಯಿಸಿದ ನೀರು ಬಸಿದು ಹೋಗದೆ ವರ್ಷಗಟ್ಟಲೆ ಒಳಗೇ ನಿಂತು, ಗೇಣು ಗೇಣಾಗಿ ಮೇಲೇರಿ, ನೆಲದ ಉಪ್ಪನ್ನು ಹೊತ್ತು ತರುತ್ತದೆ. ಅಷ್ಟು ಕಾಲವೂ ಮೇಲೆ ಬೆಳೆ ಹಸಿರಾಗಿಯೇ ನಿಂತಿರುತ್ತದೆ. ಬಿಳಿಯ ಪೊರೆ ಕಣ್ಣಿಗೆ ಬಿದ್ದಾಗ ಒಳಗಿನ ಕೆಲಸ ಬಹುಪಾಲು ಮುಗಿದಿರುತ್ತದೆ.

ಮೂತ್ರಪಿಂಡದ ದೀರ್ಘಕಾಲದ ಬೇನೆಯೂ ಹೀಗೆಯೇ. ಕಾಲು ಬಾತು, ಮುಖ ಊದಿ, ಊಟ ಸೇರದೆ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟಿ ಮನುಷ್ಯ ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ, ಒಳಗೆ ಹತ್ತು ಹದಿನೈದು ವರ್ಷಗಳಿಂದ ನಡೆದಿದ್ದ ಹಾನಿ ಕೊನೆಯ ಹಂತಕ್ಕೆ ಬಂದಿರುತ್ತದೆ. ಊರಿನವರು 'ಕಿಡ್ನಿ ಫೇಲ್ ಆಯಿತಂತೆ' ಎನ್ನುತ್ತಾರೆ, ನಿನ್ನೆ ಮೊನ್ನೆ ಆಯಿತೇನೋ ಎಂಬಂತೆ.

ಕೃಷಿ ಪುಟದಲ್ಲಿ ಮೈಯ ಬೇನೆಯ ಮಾತೇಕೆ ಎಂದು ಕೇಳುವವರಿರಬಹುದು. ಮನೆಯಲ್ಲಿ ಒಬ್ಬರಿಗೆ ಡಯಾಲಿಸಿಸ್ ಆರಂಭವಾದರೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ತಾಸು ಯಂತ್ರದ ಪಕ್ಕದಲ್ಲಿ ಮಲಗಬೇಕು. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಡಯಾಲಿಸಿಸ್ ಮಾಡಿಸುವ ಕೇಂದ್ರ ಸರಕಾರದ ಯೋಜನೆ 2016ರಲ್ಲಿ ಬಂದಿತು. ಅದರಿಂದ ಎಷ್ಟೋ ಜೀವ ಉಳಿದಿವೆ, ನಿಜ. ಆದರೆ ಬಸ್ಸಿನ ಖರ್ಚನ್ನು, ಜೊತೆಗೆ ಹೋಗುವವರ ಕೂಲಿಯನ್ನು, ಬಿತ್ತನೆಯ ಹದ ತಪ್ಪಿದ ಹೊಲವನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ. ಮೊದಲು ಎತ್ತು ಹೋಗುತ್ತದೆ, ಆಮೇಲೆ ಹೊಲ. ಇದು ಬೇಸಾಯದ ಸಮಸ್ಯೆಯಲ್ಲವೆಂದು ಹೇಳುವುದು ಹೇಗೆ?

ಆದ್ದರಿಂದ ಮೂತ್ರಪಿಂಡ ಕೆಡುವುದು ಎಂದರೇನು ಎಂಬುದನ್ನೇ ಮೊದಲು ತಿಳಿಯೋಣ. ಬೆನ್ನಿನ ಎರಡೂ ಪಕ್ಕದಲ್ಲಿ, ಮುಷ್ಟಿ ಗಾತ್ರದ ಎರಡು ಪಿಂಡಗಳು. ಒಂದೊಂದರಲ್ಲೂ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನ್ ಎಂಬ ಸೋಸುವ ಘಟಕಗಳಿವೆ. ಪ್ರತಿ ಘಟಕಕ್ಕೂ ಎರಡು ಭಾಗ. ತುದಿಯಲ್ಲಿ ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಒಂದು ಗುಚ್ಛ, ಇದೇ ಜರಡಿ. ಅದರ ಬೆನ್ನಿಗೆ ಉದ್ದನೆಯ, ಸುರುಳಿ ಸುತ್ತಿದ ನಾಳಿಕೆ. ಜರಡಿಯ ಮೂಲಕ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಬರುತ್ತದೆ. ನಾಳಿಕೆ ಅದರಲ್ಲಿ ಬೇಕಾದ ನೀರು, ಉಪ್ಪು, ಸಕ್ಕರೆಗಳನ್ನೆಲ್ಲ ಮರಳಿ ಹೀರಿ ರಕ್ತಕ್ಕೆ ಕೊಟ್ಟು, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಡುತ್ತದೆ. ಹುಟ್ಟುವಾಗ ಎಷ್ಟು ನೆಫ್ರಾನ್ ಇದ್ದವೋ ಅಷ್ಟೇ. ಅನಂತರ ಹೊಸದಾಗಿ ಒಂದೂ ಹುಟ್ಟುವುದಿಲ್ಲ. ಬಿತ್ತನೆ ಒಂದೇ ಸಲ, ಮರುಬಿತ್ತನೆ ಇಲ್ಲ.

ಈಗ ಗಾಯದ ಮಾತು. ಕುಡುಗೋಲು ತಾಗಿ ಕೈ ಕುಯ್ದುಕೊಂಡರೆ ದೇಹವು ಆ ಜಾಗಕ್ಕೆ ಕೊಲಾಜೆನ್ ಎಂಬ ನಾರಿನಂಥ ವಸ್ತುವನ್ನು ತುಂಬಿ ಬೆಸೆಯುತ್ತದೆ. ಗಾಯ ಕೂಡಿಕೊಂಡ ಮೇಲೆ ಕೆಲಸ ನಿಲ್ಲುತ್ತದೆ. ಒಂದು ಕಲೆ ಉಳಿಯುತ್ತದೆ. ಆ ಕಲೆಯಿಂದ ಕೈಗೆ ಹೆಚ್ಚಿನ ಬಾಧೆಯಿಲ್ಲ. ಮೂತ್ರಪಿಂಡದಲ್ಲಿ ನಡೆಯುವುದೂ ಇದೇ ಕೆಲಸ. ಆದರೆ ಅಲ್ಲಿ ಕೆಲಸ ನಿಲ್ಲುವುದಿಲ್ಲ, ಏಕೆಂದರೆ ಪೆಟ್ಟು ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷ ಒಂದೇ ಸಮನೆ ಪೆಟ್ಟು ಕೊಡುತ್ತದೆ. ಏರಿದ ರಕ್ತದೊತ್ತಡ ಹಗಲೂ ರಾತ್ರಿ ಕೊಡುತ್ತದೆ.

ಪೆಟ್ಟು ತಿಂದ ನಾಳಿಕೆಯ ಜೀವಕೋಶಗಳು ಒಂದು ಬಗೆಯ ಮೊರೆ ಕಳಿಸುತ್ತವೆ. ಆ ಮೊರೆಗಳಲ್ಲಿ ಮುಖ್ಯವಾದುದು ಟಿಜಿಎಫ್-ಬೀಟಾ ಎಂಬ ರಾಸಾಯನಿಕ. ಅದನ್ನು ಕೇಳಿ ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ಜಾಗ ಉರಿಯೂತಕ್ಕೆ ತಿರುಗುತ್ತದೆ. ನಾಳಿಕೆಗಳ ನಡುವೆ ತಮ್ಮಷ್ಟಕ್ಕೆ ತಾವಿದ್ದ ಆಧಾರದ ಕೋಶಗಳು ರೂಪ ಬದಲಿಸಿ ನಾರು ನೇಯುವ ಕೋಶಗಳಾಗುತ್ತವೆ. ಇವು ಕೊಲಾಜೆನ್ ಸುರಿಸುತ್ತಲೇ ಹೋಗುತ್ತವೆ. ನಾರು ತುಂಬಿದಂತೆ ಅಲ್ಲಿಯ ಸಣ್ಣ ರಕ್ತನಾಳಗಳು ನಶಿಸುತ್ತವೆ. ರಕ್ತ ಬಾರದ ಕಡೆ ಪ್ರಾಣವಾಯು ಇಲ್ಲ. ಪ್ರಾಣವಾಯು ಇಲ್ಲದ ನಾಳಿಕೆ ಬಾಡುತ್ತದೆ. ಬಾಡುವ ನಾಳಿಕೆ ಮತ್ತೆ ಮೊರೆ ಕಳಿಸುತ್ತದೆ. ಬಲಿತ ಬೆಂಡೆಕಾಯಿ ಹೇಗೋ ಹಾಗೆ, ಮೆತ್ತಗಿದ್ದ ಪಿಂಡ ನಾರಾಗುತ್ತ, ಕುಗ್ಗುತ್ತ ಬರುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ನಾಲ್ಕು ಎತ್ತು ಎಳೆಯಬೇಕಾದ ಹೊರೆಗೆ ಎರಡೇ ಉಳಿದರೆ ಆ ಎರಡರ ಗತಿ ಏನು? ಕೆಲ ದಿನ ಎಳೆಯುತ್ತವೆ, ನೋಡಿದವರು ಭೇಷ್ ಎನ್ನುತ್ತಾರೆ, ಆಮೇಲೆ ಅವೂ ಕುಸಿಯುತ್ತವೆ. ಉಳಿದ ನೆಫ್ರಾನ್‌ಗಳದೂ ಇದೇ ಪಾಡು. ಸತ್ತವುಗಳ ಪಾಲಿನ ಕೆಲಸವನ್ನೂ ಹೊತ್ತು, ಜರಡಿಯೊಳಗೆ ಒತ್ತಡ ಏರಿಸಿಕೊಂಡು, ದುಪ್ಪಟ್ಟು ಸೋಸುತ್ತವೆ. ಆ ಒತ್ತಡಕ್ಕೆ ಜರಡಿ ಹಿಂಜಿ, ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತದೆ. ಸೋರಿದ ಪ್ರೋಟೀನು ಕೆಳಗಿನ ನಾಳಿಕೆಗೆ ಹೊಸ ಪೆಟ್ಟು. ಅಮೆರಿಕದ ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು 1982ರಲ್ಲಿ ಈ ವಿಚಾರವನ್ನು ಮುಂದಿಟ್ಟರು. ಮೊದಲ ಕಾರಣ ಯಾವುದೇ ಇರಲಿ, ಒಂದು ಮಿತಿ ದಾಟಿದ ಮೇಲೆ ಬೇನೆ ತನ್ನನ್ನು ತಾನೇ ಬೆಳೆಸಿಕೊಳ್ಳುವುದೇಕೆ ಎಂಬುದು ಇದರಿಂದ ತಿಳಿಯಿತು.

ಮೊದಲ ಕಾರಣಗಳಲ್ಲಿ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಅಗ್ರಸ್ಥಾನ. ಇವು ಪೇಟೆಯವರ ಕಾಯಿಲೆಗಳೆಂಬ ಭಾವನೆ ಇನ್ನೂ ನಮ್ಮ ಹಳ್ಳಿಗಳಲ್ಲಿದೆ. ಆ ಕಾಲ ಎಂದೋ ಮುಗಿಯಿತು. ಈ ಎರಡರ ಬಗ್ಗೆ ಕೇಳಿ ಗೊತ್ತಿರುವವರೇ ಹೆಚ್ಚು. ಮೂತ್ರಮಾರ್ಗಕ್ಕೆ ಅಡ್ಡ ನಿಂತ ಕಲ್ಲು, ಚಿಕಿತ್ಸೆಯಾಗದ ಮೂತ್ರದ ಸೋಂಕು, ಗದ್ದೆಗೆಲಸದವರನ್ನು ಕಾಡುವ ಇಲಿಜ್ವರ, ಇವೂ ಕಲೆ ಬಿಟ್ಟು ಹೋಗಬಲ್ಲವು. ರೈತರು ಹೆಚ್ಚು ಕೇಳಿರದ, ಆದರೆ ಹೊಲದ ಬದುವಿನಲ್ಲೇ ಇರುವ ಕಾರಣಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ.

ಯೂರೋಪಿನಲ್ಲಿ ಡ್ಯಾನ್ಯೂಬ್ ನದಿಯ ಉಪನದಿಗಳ ದಡದಲ್ಲಿ, ಬಲ್ಗೇರಿಯಾ, ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾ, ರುಮೇನಿಯಾಗಳ ಕೆಲವೇ ಹಳ್ಳಿಗಳಲ್ಲಿ ಒಕ್ಕಲುಮಕ್ಕಳ ಮೂತ್ರಪಿಂಡಗಳು ನಡುವಯಸ್ಸಿನಲ್ಲಿ ನಾರುಗಟ್ಟಿ ಸಾಯುತ್ತಿದ್ದರು. 1950ರ ದಶಕದಲ್ಲಿ ವೈದ್ಯರು ಇದನ್ನು ಗುರುತಿಸಿದರು. ಒಂದು ಹಳ್ಳಿಯಲ್ಲಿ ಮನೆ ಮನೆಗೂ ಬೇನೆ, ಪಕ್ಕದ ಹಳ್ಳಿಯಲ್ಲಿ ಏನೂ ಇಲ್ಲ. ನೀರನ್ನು ಶಂಕಿಸಿದರು, ಬೂಷ್ಟು ಹಿಡಿದ ಕಾಳನ್ನು ಶಂಕಿಸಿದರು, ರಕ್ತಸಂಬಂಧವನ್ನು ಶಂಕಿಸಿದರು. ಗೋಧಿ ಹೊಲದಲ್ಲಿ ಬೆಳೆಯುವ ಅರಿಸ್ಟೊಲೋಕಿಯ ಎಂಬ ಕಳೆಯ ಬೀಜ ಕೊಯ್ಲಿನಲ್ಲಿ ಗೋಧಿಯ ಜೊತೆ ಬೆರೆತು ಹಿಟ್ಟಾಗುತ್ತಿರಬಹುದು ಎಂದು ಇವಿಚ್ ಎಂಬ ವೈದ್ಯ 1969ರಲ್ಲೇ ಹೇಳಿದ. ಹೆಚ್ಚು ಜನ ಕಿವಿಗೊಡಲಿಲ್ಲ.

1993ರಲ್ಲಿ ಬೆಲ್ಜಿಯಂ ದೇಶದಿಂದ ಇನ್ನೊಂದು ಸುದ್ದಿ ಬಂದಿತು. ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವ ಗುಳಿಗೆ ತಿಂದ ಹೆಂಗಸರ ಮೂತ್ರಪಿಂಡಗಳು ತೀರ ಬೇಗ ನಾರುಗಟ್ಟಿದ್ದವು. ಆ ಗುಳಿಗೆಯಲ್ಲಿ ಒಂದು ಚೀನೀ ಬೇರಿನ ಬದಲು ತಪ್ಪಿ ಅರಿಸ್ಟೊಲೋಕಿಯ ಜಾತಿಯ ಬೇರು ಸೇರಿತ್ತು. ಎರಡೂ ಕಡೆಯ ರೋಗಿಗಳ ಪಿಂಡ ಒಂದೇ ಬಗೆಯಲ್ಲಿ ಕೆಟ್ಟಿತ್ತು. ಡ್ಯಾನ್ಯೂಬ್ ಸೀಮೆಯ ರೋಗಿಗಳ ಜೀವಕೋಶಗಳಲ್ಲಿ ಆ ಸಸ್ಯದ ವಿಷವಾದ ಅರಿಸ್ಟೊಲೋಕಿಕ್ ಆಮ್ಲದ ಗುರುತನ್ನು 2007ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಒಂದು ಕಳೆ ಕೀಳದೆ ಬಿಟ್ಟದ್ದಕ್ಕೆ ತಲೆಮಾರುಗಳು ತೆತ್ತ ದಂಡವದು. ಈ ವಿಷ ಮೂತ್ರಮಾರ್ಗದಲ್ಲಿ ಕ್ಯಾನ್ಸರನ್ನೂ ಹುಟ್ಟಿಸುತ್ತದೆ.

ದೂರದ ಸಂಗತಿ ಎಂದು ಪುಟ ಮಗುಚಬೇಡಿ. ನಮ್ಮ ಕಾಡಂಚಿನಲ್ಲಿ, ಬೇಲಿಯಲ್ಲಿ ಹಬ್ಬುವ ಈಶ್ವರಿ ಬಳ್ಳಿ ಇದೇ ಅರಿಸ್ಟೊಲೋಕಿಯದ ಕುಲ, ಅದರಲ್ಲೂ ಇದೇ ಆಮ್ಲವಿದೆ. ಹಾವು ಕಡಿತಕ್ಕೆ, ಜ್ವರಕ್ಕೆ, ಹೊಟ್ಟೆನೋವಿಗೆ ಅದರ ಬೇರನ್ನು ಅರೆದು ಕುಡಿಸುವ ಪದ್ಧತಿ ಎಷ್ಟೋ ಕಡೆ ಉಳಿದಿದೆ. ಕೊಳಕುಮಂಡಲದ ವಿಷ ಮೊದಲೇ ಮೂತ್ರಪಿಂಡಕ್ಕೆ ಎರಗುವಂಥದು. ಅದರ ಮೇಲೆ ಈ ಬೇರನ್ನು ಕುಡಿಸಿದರೆ ಒಂದೇ ಅಂಗಕ್ಕೆ ಎರಡು ವಿಷ ಹಾಕಿದಂತೆ. ಹಾವು ಕಚ್ಚಿದವರಿಗೆ ಆಸ್ಪತ್ರೆಯ ಪ್ರತಿವಿಷ ಒಂದೇ ದಾರಿ. ನಾಟಿ ವೈದ್ಯವನ್ನೆಲ್ಲ ಹಳಿಯುವುದು ನಮ್ಮ ಉದ್ದೇಶವಲ್ಲ. ಈ ಬಳ್ಳಿಯ ವಿಷಯದಲ್ಲಿ ಮಾತ್ರ ದಾಕ್ಷಿಣ್ಯಕ್ಕೆ ಎಡೆಯಿಲ್ಲ.

ಎರಡನೆಯದು ನೋವಿನ ಗುಳಿಗೆ. ಸ್ವೀಡನ್ನಿನ ಹುಸ್‌ಕ್ವಾರ್ನಾ ಎಂಬ ಊರಿನ ಕಾರ್ಖಾನೆ ಕೆಲಸಗಾರರು ದಣಿವು ತಿಳಿಯದಿರಲೆಂದು ಫಿನಾಸೆಟಿನ್ ಬೆರೆತ ನೋವಿನ ಪುಡಿಯನ್ನು ದಿನವೂ ಸೇವಿಸುತ್ತಿದ್ದರು. ಅವರಲ್ಲಿ ಮೂತ್ರಪಿಂಡ ಕೆಟ್ಟು ಸತ್ತವರ ಸಂಖ್ಯೆ 1950ರ ದಶಕದಲ್ಲಿ ವೈದ್ಯರ ಕಣ್ಣಿಗೆ ಬಿದ್ದಿತು. ಫಿನಾಸೆಟಿನ್ ಹೋಯಿತು, ಅದರ ಜಾಗಕ್ಕೆ ಈಗ ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೆನ್ ಬಂದಿವೆ. ನಾಟಿ ಮಾಡಿ ನಡ ಹಿಡಿದವರು, ಮೂಟೆ ಹೊತ್ತವರು ಅಂಗಡಿಯಲ್ಲಿ 'ಮೈಕೈ ನೋವಿನ ಗುಳಿಗೆ' ಎಂದು ಕೇಳಿ ಕೊಂಡು, ದಿನ ಬಿಡದೆ ನುಂಗುವುದನ್ನು ಎಲ್ಲರೂ ಬಲ್ಲರು. ಬಿಸಿಲಿನಲ್ಲಿ ಬೆವರಿ ಮೈಯ ನೀರು ಇಳಿದಾಗ, ಜರಡಿಗೆ ಬರುವ ರಕ್ತನಾಳವನ್ನು ಅಗಲಿಸಿಟ್ಟು ಮೂತ್ರಪಿಂಡವನ್ನು ಕಾಯುವ ಒಂದು ಏರ್ಪಾಡು ದೇಹದಲ್ಲಿದೆ. ಈ ಗುಳಿಗೆಗಳು ಆ ಏರ್ಪಾಡನ್ನೇ ತಡೆಯುತ್ತವೆ. ನೋವಿಗೆ ಒಂದೆರಡು ದಿನ ಗುಳಿಗೆ ಬೇಕಾಗಬಹುದು. ಬಿಸಿಲು, ಬೆವರು, ಖಾಲಿ ಹೊಟ್ಟೆ, ಅದರ ಮೇಲೆ ನಿತ್ಯ ಗುಳಿಗೆ ಎಂದಾದರೆ ಅದು ಬೇರೆಯೇ ಮಾತು.

ಮೂರನೆಯದು ಬಿಸಿಲೇ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ವೈದ್ಯರು 2002ರಲ್ಲಿ ಒಂದು ವರದಿ ಪ್ರಕಟಿಸಿದರು. ಮೂತ್ರಪಿಂಡ ಕೆಟ್ಟು ರಾಜಧಾನಿಯ ಆಸ್ಪತ್ರೆಗೆ ಬಂದವರಲ್ಲಿ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆಯೂ ಇರಲಿಲ್ಲ, ಹಿಂದಿನಿಂದ ಬಂದ ರಕ್ತದೊತ್ತಡವೂ ಇರಲಿಲ್ಲ. ಅವರು ಕರಾವಳಿಯ ಹೊಲಗಳಲ್ಲಿ ದುಡಿದ ಗಂಡಸರು. ನೆರೆಯ ನಿಕರಾಗುವಾದಲ್ಲಿ ಕಬ್ಬು ಕಡಿಯುವವರ ಒಂದು ವಸತಿಗೆ 'ವಿಧವೆಯರ ದ್ವೀಪ' ಎಂದೇ ಹೆಸರು ಬಿದ್ದಿದೆ. ಶ್ರೀಲಂಕಾದಲ್ಲಿ ಅನುರಾಧಪುರ, ಪೊಲೊನ್ನರುವ ಸೀಮೆಯ ಭತ್ತದ ರೈತರಲ್ಲಿ 1990ರ ದಶಕದಿಂದ ಇಂಥದೇ ಬೇನೆ ಕಾಣಿಸಿದೆ. ನಮ್ಮ ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯಲ್ಲಿ, ತೆಂಗು ಗೇರು ತುಂಬಿದ ಉದ್ದಾನಂ ಪ್ರದೇಶದ ಹೆಸರನ್ನು ಪತ್ರಿಕೆ ಓದುವವರೆಲ್ಲ ಕೇಳಿರಬೇಕು. ಅಲ್ಲಿಯ ಪಲಾಸದಲ್ಲಿ 2023ರ ಡಿಸೆಂಬರಿನಲ್ಲಿ ಮೂತ್ರಪಿಂಡ ಸಂಶೋಧನಾ ಕೇಂದ್ರವೂ 200 ಹಾಸಿಗೆಯ ಆಸ್ಪತ್ರೆಯೂ ಉದ್ಘಾಟನೆಯಾದವು.

ಈ ಊರುಗಳಲ್ಲಿ ಕಾರಣವೇನೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಕ್ಯಾಡ್ಮಿಯಂ, ಆರ್ಸೆನಿಕ್, ಫ್ಲೋರೈಡು, ಗಡಸು ನೀರು, ಕೀಟನಾಶಕ, ಕಳೆನಾಶಕ, ಎಲ್ಲದರ ಮೇಲೂ ಶಂಕೆ ಇದೆ. ಶ್ರೀಲಂಕಾ ಸರಕಾರ 2015ರಲ್ಲಿ ಗ್ಲೈಫೋಸೇಟನ್ನು ನಿಷೇಧಿಸಿ, 2018ರಲ್ಲಿ ಚಹಾ ಮತ್ತು ರಬ್ಬರ್ ತೋಟಗಳಿಗೆ ಸಡಿಲಿಸಿತು. ಒಂದೇ ವಸ್ತುವಿನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಡ್ಯಾನ್ಯೂಬ್ ದಡದಲ್ಲಿ ಎಷ್ಟು ದಶಕ ತಪ್ಪು ಜಾಡಿನಲ್ಲಿ ಹೋದವೆಂಬುದು ನೆನಪಿರಲಿ. ಸಿಂಪಡಣೆಯ ಕಾಲದಲ್ಲಿ ಕೈಗವಸು, ಮುಖಕ್ಕೆ ಬಟ್ಟೆ, ಗಾಳಿಯ ದಿಕ್ಕು ನೋಡುವುದು ಹೇಗೂ ಬೇಕೇ ಬೇಕು. ಆದರೆ ಮಧ್ಯ ಅಮೆರಿಕದ ಕಬ್ಬಿನ ಹೊಲಗಳಲ್ಲಿ ಬಿಸಿಲಿನ ಪಾತ್ರಕ್ಕೆ ಪುರಾವೆ ಗಟ್ಟಿಯಾಗುತ್ತ ಬಂದಿದೆ. ಮೈ ಕಾದು, ನೀರು ಇಳಿದು, ಸ್ನಾಯು ಬಳಲಿ, ದಿನವೂ ನಾಳಿಕೆಗೆ ಒಂದು ಸಣ್ಣ ಪೆಟ್ಟು. ಹಂಗಾಮಿಡೀ ಹೀಗೆ, ಮುಂದಿನ ಹಂಗಾಮಿನಲ್ಲಿ ಮತ್ತೆ. ನಿಕರಾಗುವಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಡಿಯುವವರಿಗೆ ಕಡ್ಡಾಯವಾಗಿ ನೆರಳು, ನೀರು, ಬಿಡುವು ಹೆಚ್ಚಿಸಿದಾಗ ಹಂಗಾಮಿನಲ್ಲಿ ಮೂತ್ರಪಿಂಡಕ್ಕೆ ಆಗುವ ಪೆಟ್ಟು ಇಳಿದದ್ದು ದಾಖಲಾಗಿದೆ.

ಇಲ್ಲೊಂದು ಸೂಕ್ಷ್ಮವಿದೆ, ಅದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು. ಸಕ್ಕರೆ ಕಾಯಿಲೆಯಲ್ಲಿ ಹಾನಿ ಸಾಮಾನ್ಯವಾಗಿ ಜರಡಿಯಿಂದ ಆರಂಭ. ಜರಡಿ ಕೆಟ್ಟಾಗ ಆಲ್ಬುಮಿನ್ ಸೋರುತ್ತದೆ, ಮೂತ್ರದಲ್ಲಿ ಆರದ ನೊರೆ ಕಾಣಬಹುದು, ಮೂತ್ರ ಪರೀಕ್ಷೆಯಲ್ಲಿ ವರ್ಷಗಳ ಮೊದಲೇ ಸಿಕ್ಕಿಬೀಳುತ್ತದೆ. ಬಿಸಿಲಿನ ಬೇನೆಯಲ್ಲಿ, ಆ ಬಳ್ಳಿಯ ವಿಷದಲ್ಲಿ ಹಾನಿ ನಾಳಿಕೆಯ ಕಡೆಯಿಂದ ಆರಂಭ. ಜರಡಿ ಬಹುಕಾಲ ಚೆನ್ನಾಗಿಯೇ ಇರುವುದರಿಂದ ಆಲ್ಬುಮಿನ್ ಹೆಚ್ಚು ಸೋರುವುದಿಲ್ಲ, ರಕ್ತದೊತ್ತಡವೂ ಮೊದಮೊದಲು ಏರದಿರಬಹುದು. ಬರಿಯ ಮೂತ್ರ ನೋಡಿ 'ಏನೂ ಇಲ್ಲ, ಹೋಗಪ್ಪ' ಎಂದು ಕಳಿಸಿದರೆ ಮೋಸ ಹೋದಂತೆ. ಅಂಥವರಿಗೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಬೇಕು. ಆದರೆ ಕ್ರಿಯಾಟಿನಿನ್ ಒಂದನ್ನೇ ನಂಬುವಂತೆಯೂ ಇಲ್ಲ. ಅರ್ಧದಷ್ಟು ಶಕ್ತಿ ಹೋಗುವವರೆಗೂ ಅದು ಎಷ್ಟೋ ಸಲ ಏರುವುದಿಲ್ಲ. ಸ್ನಾಯು ಕಡಿಮೆಯಿರುವ ಬಡಕಲು ಮೈಯವರಲ್ಲಿ ಅದರ ಅಂಕಿ ಇನ್ನೂ ತಡವಾಗಿ ಮೇಲೇರುತ್ತದೆ. ಆದ್ದರಿಂದ ಎರಡೂ ಪರೀಕ್ಷೆ ಒಟ್ಟಿಗೇ ಆಗಬೇಕು, ಕ್ರಿಯಾಟಿನಿನ್ ಜೊತೆಗೆ ವಯಸ್ಸನ್ನು ಲೆಕ್ಕ ಹಾಕಿ ಸೋಸುವ ಪ್ರಮಾಣವನ್ನು ಬರೆದು ಕೊಡಬೇಕು. ಆ ಪ್ರಮಾಣ ಮೂರು ತಿಂಗಳು ಕಳೆದರೂ 60ಕ್ಕಿಂತ ಕೆಳಗಿದ್ದರೆ ಬೇನೆ ಇದೆ ಎಂದೇ ಅರ್ಥ.

ಗೊತ್ತಾದರೆ ಮಾಡುವುದೇನು? ಬಲಿತ ನಾರನ್ನು ಕರಗಿಸುವ ಔಷಧ ಇಂದಿಗೂ ಇಲ್ಲ. ಆದರೆ ಪೆಟ್ಟು ನಿಂತರೆ ದೇಹ ಸ್ವಲ್ಪ ಮಟ್ಟಿಗೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎಂಬುದಕ್ಕೆ ಒಂದು ಉದಾಹರಣೆಯಿದೆ. ಮೇದೋಜೀರಕ ಗ್ರಂಥಿಯನ್ನು ಕಸಿ ಮಾಡಿಸಿಕೊಂಡು ಸಕ್ಕರೆ ಕಾಯಿಲೆಯಿಂದ ಪೂರ್ತಿ ಬಿಡುಗಡೆಯಾದ ಎಂಟು ರೋಗಿಗಳ ಮೂತ್ರಪಿಂಡಗಳನ್ನು ಪರೀಕ್ಷಿಸಿದ ವರದಿ 1998ರಲ್ಲಿ ಬಂದಿತು. ಐದು ವರ್ಷವಾದರೂ ಏನೂ ಬದಲಾಗಿರಲಿಲ್ಲ; ಹತ್ತನೆಯ ವರ್ಷಕ್ಕೆ ಹಾನಿ ಹಿಂದೆ ಸರಿದಿತ್ತು. ಕಸಿ ಎಲ್ಲರಿಗೂ ಆಗುವ ಮಾತಲ್ಲ. ಬೇನೆಯ ಓಟವನ್ನು ನಿಧಾನ ಮಾಡುವ ಗುಳಿಗೆಗಳು ಮಾತ್ರ ಕೈಗೆಟುಕುವಂತಿವೆ. ಜರಡಿಯೊಳಗಿನ ಒತ್ತಡ ಇಳಿಸಿ, ನಾರು ನೇಯುವ ಮೊರೆಯನ್ನೂ ತಗ್ಗಿಸುವ ಕ್ಯಾಪ್ಟೊಪ್ರಿಲ್ ಬಳಗದ ಔಷಧದ ಗುಣ 1993ರಲ್ಲಿ, ಲೊಸಾರ್ಟಾನ್ ಬಳಗದ್ದು 2001ರಲ್ಲಿ ಸ್ಥಿರಪಟ್ಟಿತು. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಆ ಕಾಯಿಲೆ ಇಲ್ಲದವರ ಮೂತ್ರಪಿಂಡವನ್ನೂ ಕಾಯುತ್ತದೆಂದು 2020ರಲ್ಲಿ ಗೊತ್ತಾಯಿತು. ಇವನ್ನು ವೈದ್ಯರು ಬರೆದು ಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ವಾಂತಿ ಭೇದಿಯಾದ ದಿನ ಮುಂದುವರಿಸಬೇಕೇ ಎಂದು ಅವರನ್ನೇ ಕೇಳಬೇಕು. ಉಪ್ಪು ದಿನಕ್ಕೆ ಒಂದು ಚಹಾ ಚಮಚಕ್ಕಿಂತ ಕಡಿಮೆ, ಅಂದರೆ 5 ಗ್ರಾಮಿನೊಳಗೆ ಇರಬೇಕು. ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿಯೇ ಈ ಲೆಕ್ಕ. ನೀರು ಹೆಚ್ಚು ಕುಡಿದಷ್ಟೂ ಕೆಟ್ಟ ಪಿಂಡ ಸರಿಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಬೇನೆ ಬಲಿತವರಿಗೆ ಕಮರಾಕ್ಷಿ ಹಣ್ಣು, ಕರಾವಳಿಯವರು ದಾರೆಹುಳಿ ಎನ್ನುವುದು, ನಿಜಕ್ಕೂ ವಿಷ. ಒಂದೆರಡು ಹಣ್ಣಿಗೇ ಬುದ್ಧಿ ಕದಡಿ ಪ್ರಾಣಕ್ಕೆ ಬರಬಹುದು.

ಸರಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹಳ್ಳಿಯ ಮಟ್ಟದಲ್ಲಿ ನೋಡುವ ಏರ್ಪಾಡು ಇದೆ. ಅದೇ ಸೂಜಿ, ಅದೇ ದಿನ, ಅದೇ ಸಾಲಿನಲ್ಲಿ ನಿಂತವರಿಗೆ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಎರಡನ್ನೂ ಸೇರಿಸಿ ನೋಡಲು ಅಂಥ ದೊಡ್ಡ ವೆಚ್ಚವೇನೂ ಆಗದು. ಒಂದು ಡಯಾಲಿಸಿಸ್ ಯಂತ್ರ ಕೊಳ್ಳುವ ಮುನ್ನ ಆರೋಗ್ಯ ಇಲಾಖೆ ಈ ಲೆಕ್ಕವನ್ನೂ ಹಾಕಿ ನೋಡಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡ ಕೆಟ್ಟಿದ್ದವರು, ವರ್ಷಗಟ್ಟಲೆ ನೋವಿನ ಗುಳಿಗೆ ನುಂಗಿದವರು, ಹಾವಿನ ವಿಷದಿಂದ ಒಮ್ಮೆ ಮೂತ್ರ ಕಟ್ಟಿ ಬದುಕಿ ಬಂದವರು ಇಲಾಖೆಯ ದಾರಿ ಕಾಯದೆ ವರ್ಷಕ್ಕೊಮ್ಮೆ ತಾವೇ ಹೋಗಿ ಎರಡನ್ನೂ ಮಾಡಿಸಿಕೊಳ್ಳಬೇಕು. ಚೀಟಿಯನ್ನು ಎಸೆಯದೆ ಪಹಣಿ ಪತ್ರಗಳ ಜೊತೆಗೇ ಇಡಬೇಕು. ಈ ವರ್ಷದ ಅಂಕಿಗಿಂತ ಹೋದ ವರ್ಷದ ಅಂಕಿಯೊಡನೆ ಅದಕ್ಕಿರುವ ಅಂತರವೇ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಇನ್ನು ಕಬ್ಬಿನ ಮಾತು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಾರ್ಖಾನೆಗಳು ನುರಿಸುವ ಹಂಗಾಮಿಗೆ ದೂರದ ಊರುಗಳಿಂದ ಕಡಿಯುವ ಗ್ಯಾಂಗುಗಳನ್ನು ಕರೆಸುತ್ತವೆ. ಟನ್ನಿನ ಲೆಕ್ಕದ ಕೂಲಿಯಾದ್ದರಿಂದ ಬಿಡುವು ತೆಗೆದುಕೊಂಡವನಿಗೆ ನಷ್ಟ. ನೆರಳಿಗೆ ಹೋಗು ಎಂದು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಹೋಗುವುದಿಲ್ಲ. ಮುಂಗಡ ಕೊಟ್ಟು ಒಪ್ಪಂದ ಬರೆಯುವ ಹೊತ್ತಿನಲ್ಲೇ ಹೊಲದ ಬದುವಿಗೆ ಒಂದು ಚಪ್ಪರ, ಕುಡಿಯಲು ಶುದ್ಧ ನೀರು, ಎರಡು ಗಂಟೆಗೊಮ್ಮೆ ಬಿಡುವು, ಬಿಸಿಲೇರಿದ ನಡುಹಗಲಿನಲ್ಲಿ ಕಡಿತ ನಿಲ್ಲಿಸುವುದು, ನಿಂತ ಹೊತ್ತಿಗೂ ಕೂಲಿ, ಇಷ್ಟನ್ನು ಕಾರ್ಖಾನೆಯೂ ಬೆಳೆಗಾರರ ಸಂಘಗಳೂ ಕೂಡಿ ಸೇರಿಸಬೇಕು. ಹಂಗಾಮು ಆರಂಭವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಗ್ಯಾಂಗಿನವರ ಕ್ರಿಯಾಟಿನಿನ್ ನೋಡಿಸಿ, ಎರಡು ಅಂಕಿಗಳನ್ನೂ ಕಾರ್ಖಾನೆಯ ದಫ್ತರದಲ್ಲಿ ಬರೆದಿಡಬೇಕು.